ಡಿ ಡ್ರೈವ್ ಕಾಯುವುದಿಲ್ಲ

2026ರ ಅಕ್ಟೋಬರ್ 13ರ ಆಚೀಚೆ ದಾವಣಗೆರೆಯ ಆನಗೋಡು ಹೋಬಳಿಯಲ್ಲಿ ಸಾಕಷ್ಟು ಕಂಪ್ಯೂಟರುಗಳು ಫಾರ್ಮ್ಯಾಟ್ ಆಗಲಿವೆ. ಆಗಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದರ ಜೊತೆಗೇ ಮದುವೆಯ ಫೋಟೊ, ಜಮೀನು ಪತ್ರದ ಸ್ಕ್ಯಾನ್ ಪ್ರತಿ, ಸಂಘದ ಲೆಕ್ಕ, ವರ್ಷಗಟ್ಟಲೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಕಡತಗಳೂ ಹೋಗಿಬಿಡುವ ಸಂಭವವಿದೆ. ಹೋದಮೇಲೆ ಸಂಪಾದಕೀಯ ಬರೆದು ಮರುಗುವ ಬದಲು, ಕೈಯಲ್ಲಿ ಸಮಯವಿರುವಾಗಲೇ ಎಚ್ಚರಿಸುವುದು ಲೇಸು.

ನಡೆದಿರುವುದು ಇಷ್ಟು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಉಚಿತ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಮನೆಬಳಕೆಯವರಿಗೆ ಒಂದು ವರ್ಷದ ವಾಯಿದೆ ಸಿಕ್ಕಿತು. ಅದು ಮುಗಿಯುವ ದಿನವೇ ಅಕ್ಟೋಬರ್ 13. ಮುಂದೇನು ಎಂದರೆ ವಿಂಡೋಸ್ 11 ಎನ್ನುತ್ತಾರೆ. ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಎಂದರೆ ಸರಿಸುಮಾರು 2018ಕ್ಕಿಂತ ಹಿಂದಿನ ಯಂತ್ರಗಳೆಲ್ಲ ಹೊರಗೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಅವಸರದಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು, ಯಾವುದೋ ಆಫೀಸು ವಿಲೇವಾರಿ ಮಾಡಿದ್ದನ್ನು ದಾವಣಗೆರೆಯಲ್ಲಿ ಚೌಕಾಶಿ ಮಾಡಿ ತಂದ ಡೆಸ್ಕ್‌ಟಾಪು, ಅಣ್ಣ ಓದಿ ಮುಗಿಸಿ ತಂಗಿಗೆ ಬಿಟ್ಟ ಕಂಪ್ಯೂಟರು: ಹಳ್ಳಿಮನೆಗಳಲ್ಲಿ ಇರುವುದು ಹೆಚ್ಚಾಗಿ ಇಂಥವೇ.

ಇವುಗಳಲ್ಲಿ ಯಾವುದೂ ಕೆಟ್ಟಿಲ್ಲ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಾಗಿಲು ಹಾಕಿ ಎಷ್ಟೋ ವರ್ಷವಾಯಿತು. ಆದರೂ ಅಲ್ಲಿ ತಯಾರಾದ ಎಂಟರ್‌ಪ್ರೈಸ್ ಲೇಥುಗಳು ಇವತ್ತಿಗೂ ವರ್ಕ್‌ಶಾಪುಗಳಲ್ಲಿ ಕಬ್ಬಿಣ ಕಡೆಯುತ್ತಿವೆ. ಬಿಡಿಭಾಗ ಸವೆದರೆ ನಮ್ಮ ಟರ್ನರುಗಳೇ ಮಾಡಿಕೊಳ್ಳುತ್ತಾರೆ, ಯಾರ ಅಪ್ಪಣೆಯೂ ಬೇಕಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಅಂಥ ಸ್ವಾತಂತ್ರ್ಯ ಇರುವುದು ಮುಕ್ತ ತಂತ್ರಾಂಶದಲ್ಲಿ. ಲಿನಕ್ಸ್ ಮಿಂಟ್, ಉಬುಂಟು, ಡೆಬಿಯನ್ ಯಾವುದನ್ನಾದರೂ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು, ನೆರೆಯವರಿಗೆ ಕೊಡಬಹುದು, ಹತ್ತು ವರ್ಷದ ಯಂತ್ರದಲ್ಲೂ ಓಡಿಸಬಹುದು. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಹಾಗಾಗಿ ಲಿನಕ್ಸ್‌ಗೆ ಹೋಗಬೇಕೋ ಬೇಡವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುತ್ತಿಲ್ಲ. ಹೋಗಿ. ಹೋಗುವ ಮುನ್ನ ಮಾಡಬೇಕಾದ ಕೆಲಸವನ್ನು ಯಾರೂ ಮಾಡುತ್ತಿಲ್ಲ ಎಂಬುದಷ್ಟೇ ನಮ್ಮ ತಕರಾರು.

ಈಗಿನ ಲಕ್ಷಣ ನೋಡಿದರೆ ಜನ ಮೂರು ದಾರಿ ಹಿಡಿಯುವಂತೆ ಕಾಣುತ್ತದೆ. ಮೊದಲನೆಯದು, ಏನೂ ಮಾಡದೆ ಇರುವುದು. ‘ನಮ್ಮ ಕಂಪ್ಯೂಟರಲ್ಲಿ ಏನೈತಿ ಕದಿಯಾಕೆ’ ಎನ್ನುವವರು 2017ರ ಮೇ ತಿಂಗಳನ್ನು ನೆನಪಿಸಿಕೊಳ್ಳಬೇಕು. ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತನ್ನು ಅಲ್ಲಾಡಿಸಿದಾಗ ಅದಕ್ಕೆ ಮದ್ದು ಎರಡು ತಿಂಗಳ ಹಿಂದೆಯೇ, ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು. ಸಿಕ್ಕಿಬಿದ್ದವರು ಆ ಅಪ್‌ಡೇಟ್ ಹಾಕಿಕೊಳ್ಳದವರು. ಪಕ್ಕದ ಆಂಧ್ರದ ಕೆಲವು ಪೊಲೀಸ್ ಕಂಪ್ಯೂಟರುಗಳೂ ಅದರಲ್ಲಿದ್ದವು. ವಾನ್ನಾಕ್ರೈ ಯಾರ ಮನೆಯ ಕಡತವೆಂದು ನೋಡಲಿಲ್ಲ, ಸಿಕ್ಕಿದ್ದಕ್ಕೆಲ್ಲ ಬೀಗ ಹಾಕಿತು.

ಎರಡನೆಯ ದಾರಿ ಪೇಟೆಯ ಸರ್ವಿಸ್ ಅಂಗಡಿಯದು. ಚಿಪ್ ಪರೀಕ್ಷೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ, ಪರವಾನಗಿಗೆ ಕ್ರ್ಯಾಕ್ ಹೊಡೆದು, ಕೆಲವು ನೂರು ರೂಪಾಯಿ ತೆಗೆದುಕೊಂಡು ಕಳಿಸುತ್ತಾರೆ. ಈ ಕ್ರ್ಯಾಕ್ ತಂತ್ರಾಂಶಗಳು ಮೊದಲು ಕೇಳುವುದೇ ಆ್ಯಂಟಿವೈರಸ್ ಆಫ್ ಮಾಡಿ ಎಂದು. ಬಾಗಿಲು ತೆಗೆದಿಟ್ಟು ಮಲಗಿ ಎಂದು ಹೇಳುವವನನ್ನು ಕಾವಲಿಗೆ ಇಟ್ಟುಕೊಳ್ಳುವವರುಂಟೆ? ಅದೇ ಯಂತ್ರದಲ್ಲಿ ಆಮೇಲೆ ಬ್ಯಾಂಕಿನ ಪಾಸ್‌ವರ್ಡ್ ಒತ್ತುತ್ತೇವೆ.

ಮೂರನೆಯದು ಅವಸರದ ಲಿನಕ್ಸ್. ಎಂಜಿನಿಯರಿಂಗ್ ಓದುವ ಹುಡುಗ ಭಾನುವಾರ ಊರಿಗೆ ಬರುತ್ತಾನೆ, ಜೇಬಿನಲ್ಲಿ ಪೆನ್‌ಡ್ರೈವ್ ಇರುತ್ತದೆ, ‘ಅರ್ಧ ಗಂಟೆ ಕೆಲಸ ಕಾಕಾ’ ಎನ್ನುತ್ತಾನೆ. ಅವನು ಹೇಳುವುದು ನಿಜವೇ. ಸಾಧಾರಣ ಯಂತ್ರದಲ್ಲಿ ಲಿನಕ್ಸ್ ಕೂರಿಸಲು ಅಷ್ಟೇ ಹೊತ್ತು ಸಾಕು. ಈ ಬರಹ ಮುಖ್ಯವಾಗಿ ಆ ಹುಡುಗನಿಗೂ ಅವನ ಕಾಕಾನಿಗೂ.

ಕಾಕಾ ಏನನ್ನುತ್ತಾರೆ? ‘ಎಲ್ಲಾ ಡಿ ಡ್ರೈವ್‌ಗೆ ಹಾಕೇನಿ, ಏನೂ ಆಗಲ್ಲ ಬಿಡು.’ ಇಪ್ಪತ್ತು ವರ್ಷದಿಂದ ನಮ್ಮ ಸರ್ವಿಸ್ ಅಂಗಡಿಗಳು ಕಲಿಸಿದ ಪಾಠ ಇದು. ವಿಂಡೋಸ್ ಹಾಳಾದರೆ ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್, ಡಿ ಡ್ರೈವ್ ಭದ್ರ. ಜನ ಡಿ ಡ್ರೈವನ್ನು ತಿಜೋರಿಯೆಂದೇ ನಂಬಿದ್ದಾರೆ. ಆದರೆ ಅದು ಇರುವುದೂ ಸಿ ಡ್ರೈವ್ ಇರುವ ಡಿಸ್ಕಿನ ಮೇಲೆಯೇ. ಒಂದೇ ಹೊಲಕ್ಕೆ ನಡುವೆ ಎಳೆದ ಬದು, ಅಷ್ಟೇ. ಲಿನಕ್ಸ್ ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಎಂಬುದು ಒಂದು. ಅದಕ್ಕೆ ಸಿ, ಡಿ ಎಂಬ ಹೆಸರುಗಳೇ ಗೊತ್ತಿಲ್ಲ. ಅದು ನೋಡುವುದು ಪೂರ್ತಿ ಡಿಸ್ಕನ್ನು. ಆ ಆಯ್ಕೆ ಒತ್ತಿ ಮುಂದುವರಿದರೆ ಬದು ಸಮೇತ ಹೊಲವೇ ಹೋಯಿತು. ಹಳೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಾದರೆ ಕೂಡಲೇ ನಿಲ್ಲಿಸಿ ತಜ್ಞರ ಹತ್ತಿರ ಒಯ್ದರೆ ಒಂದಿಷ್ಟು ಮರಳಿ ಸಿಗಬಹುದು; ಎಸ್‌ಎಸ್‌ಡಿಯಲ್ಲಿ ಆ ಆಸೆಯೂ ಕಡಿಮೆ.

ಆದ್ದರಿಂದ ಮೊದಲ ಕೆಲಸ ಬ್ಯಾಕಪ್, ಅದೂ ಕಂಪ್ಯೂಟರಿನ ಹೊರಗೆ. ಒಂದು ಎಕ್ಸ್‌ಟರ್ನಲ್ ಡಿಸ್ಕ್, ಜೊತೆಗೆ ಇನ್ನೊಂದು ಜಾಗ: ಮಗಳ ಲ್ಯಾಪ್‌ಟಾಪೋ, ಗೂಗಲ್ ಡ್ರೈವೋ, ಮತ್ತೊಂದು ಪೆನ್‌ಡ್ರೈವೋ. ಒಂದೇ ಪ್ರತಿ ಇದ್ದರೆ ಅದನ್ನು ಬ್ಯಾಕಪ್ ಎನ್ನಬೇಡಿ. ನಕಲು ಮಾಡಿದ ಮೇಲೆ ಆ ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಚುಚ್ಚಿ, ನಾಲ್ಕಾರು ಕಡತ ತೆರೆದು ನೋಡಿ, ಆಮೇಲೆ ಕಳಚಿ ಬೀರುವಿನಲ್ಲಿಡಿ. ಲಿನಕ್ಸ್ ಕೂರಿಸುವ ಹೊತ್ತಿಗೆ ಅದು ಯಂತ್ರಕ್ಕೆ ಸಿಕ್ಕಿಕೊಂಡಿರಬಾರದು. ತಪ್ಪಿ ಅದನ್ನೇ ಆರಿಸಿ ಅಳಿಸಿದವರಿದ್ದಾರೆ. ಡೆಸ್ಕ್‌ಟಾಪಿನ ಮೇಲೆ ಹರಡಿದ ಕಡತ, ಡೌನ್‌ಲೋಡ್ಸ್ ಫೋಲ್ಡರ್, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು, ಟ್ಯಾಲಿಯ ಡೇಟಾ ಫೋಲ್ಡರ್ ಇವು ಸಾಮಾನ್ಯವಾಗಿ ಮರೆತುಹೋಗುವಂಥವು. ಡಿ ಡ್ರೈವಿನದನ್ನು ಜೋಪಾನವಾಗಿ ಎತ್ತಿಟ್ಟು ಡೆಸ್ಕ್‌ಟಾಪಿನದನ್ನು ಬಿಟ್ಟುಬಿಡುವವರೇ ಹೆಚ್ಚು.

ಕನ್ನಡದ ಕಡತಗಳ ವಿಷಯ ಇದಕ್ಕಿಂತ ತೊಡಕಿನದು. ಅದರ ಬಗ್ಗೆ ಇಂಗ್ಲಿಷಿನಲ್ಲಿ ಬರುವ ಯಾವ ಲಿನಕ್ಸ್ ಕೈಪಿಡಿಯೂ ಒಂದು ಸಾಲು ಹೇಳುವುದಿಲ್ಲ. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ನುಡಿ ತಂತ್ರಾಂಶ ಸರ್ಕಾರಿ ಕಚೇರಿ, ಶಾಲೆ, ಸಹಕಾರ ಸಂಘ, ಡಿಟಿಪಿ ಅಂಗಡಿ ಎಲ್ಲ ಕಡೆ ಬೇರೂರಿತು. ಕಂಪ್ಯೂಟರಿನಲ್ಲಿ ಕನ್ನಡ ಮೂಡಲು ಅದರ ಉಪಕಾರ ದೊಡ್ಡದು. ಆದರೆ ಹಳೆಯ ನುಡಿ ಫಾಂಟುಗಳಲ್ಲಿ ಉಳಿದಿರುವುದು ನಿಜವಾಗಿ ಕನ್ನಡವಲ್ಲ. ರೋಮನ್ ಅಕ್ಷರಗಳ, ಚಿಹ್ನೆಗಳ ಸಂಕೇತದ ಜಾಗದಲ್ಲಿ ಕನ್ನಡದ ತುಣುಕುಗಳ ಚಿತ್ರ ಬರೆದಿಟ್ಟಿರುತ್ತಾರೆ. ಫಾಂಟ್ ಇದ್ದರೆ ಕನ್ನಡ ಕಾಣುತ್ತದೆ. ಇಲ್ಲದಿದ್ದರೆ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಜಾತ್ರೆ. ‘ನ’ ಬಂದಲ್ಲೆಲ್ಲ ಬ್ರಿಟನ್ನಿನ ಪೌಂಡ್ ಚಿಹ್ನೆ ಎದ್ದು ನಿಲ್ಲುತ್ತದೆ. ‘ಕನ್ನಡ’ ಎಂದು ಬರೆದ ಕಡೆಯಲ್ಲೇ ಒಂದು ಪೌಂಡ್. ಬರಹ ತಂತ್ರಾಂಶದ ಹಳೆಯ ಫಾಂಟುಗಳದ್ದೂ ಹೆಚ್ಚುಕಡಿಮೆ ಇದೇ ಕಥೆ.

ಲಿನಕ್ಸ್ ಹಾಕಿದ ಮಾರನೆಯ ದಿನ ಸಂಘದ ಕಾರ್ಯದರ್ಶಿ ಹಳೆಯ ನಡಾವಳಿ ತೆರೆದು ಈ ಜಾತ್ರೆ ನೋಡಿದರೆ ‘ಎಲ್ಲಾ ಹಾಳಾತು, ವಾಪಸ್ ವಿಂಡೋಸ್ ಹಾಕ್ರಿ’ ಎನ್ನದೆ ಇನ್ನೇನು ಹೇಳಿಯಾರು? ಲಿನಕ್ಸಿಗೆ ಹೋಗಿ ವಾರದೊಳಗೆ ಹಿಂದಿರುಗಲು ಕನ್ನಡದವರಿಗೆ ಇದಕ್ಕಿಂತ ಸುಲಭದ ನೆಪ ಬೇಕಿಲ್ಲ. ನಷ್ಟವಾಗಿರುವುದಿಲ್ಲ, ಕಾಣುತ್ತಿರುವುದಿಲ್ಲ ಅಷ್ಟೆ. ನುಡಿಯ ಫಾಂಟ್ ಕಡತಗಳನ್ನು ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ಮುಂಚೆಯೇ ನಕಲು ಮಾಡಿ ಇಟ್ಟುಕೊಂಡಿದ್ದರೆ ಲಿನಕ್ಸಿನಲ್ಲೂ ಅವು ಕೂರುತ್ತವೆ, ಕಡತ ಓದಲು ಬರುತ್ತದೆ. ವಿಂಡೋಸ್ ಅಳಿಸಿದ ಮೇಲೆ ಆ ಫಾಂಟುಗಳಿಗಾಗಿ ಊರೂರು ಅಲೆಯಬೇಕು.

ಓದಲು ಬಂದರೆ ಸಾಲದು, ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಇದನ್ನು ವಿಂಡೋಸ್ ಇನ್ನೂ ಇರುವಾಗಲೇ, ಮೂಲ ಕಡತವನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡು ಮಾಡುವುದು ಜಾಣತನ. ಅರವಿಂದ ವಿ.ಕೆ. ಅವರು ಮಾಡಿದ ಪರಿವರ್ತಕ ಮುಕ್ತ ತಂತ್ರಾಂಶವೇ, ಬಹಳ ಜನ ಬಳಸುತ್ತಾರೆ. (ಲಿನಕ್ಸಿನಲ್ಲಿ ಸಿಗುವ ಗುಬ್ಬಿ, ನವಿಲು ಎಂಬ ಚೆಂದದ ಕನ್ನಡ ಫಾಂಟುಗಳೂ ಅವರವೇ.) ಆದರೆ ಪರಿವರ್ತಕವನ್ನು ಕಣ್ಣುಮುಚ್ಚಿ ನಂಬಬೇಡಿ. ಅರ್ಕಾವತ್ತನ್ನೇ ನೋಡಿ: ‘ಕರ್ನಾಟಕ’ ಎನ್ನುವಲ್ಲಿ ನುಡಿಯ ಹಳೆಯ ಸಂಕೇತ ‘ನಾ’ ಬರೆದು ಆಮೇಲೆ ಅರ್ಕಾವತ್ತು ಇಡುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಹಾಕಬೇಕಾಗುತ್ತದೆ. ಒತ್ತಕ್ಷರ ಜೊತೆಗಿದ್ದಾಗ ಕೆಲವೊಮ್ಮೆ ಎಡವುತ್ತದೆ.

ಅದಕ್ಕಿಂತ ಅಪಾಯದ್ದು ಕನ್ನಡ ಕಡತದೊಳಗಿನ ಇಂಗ್ಲಿಷ್. ನುಡಿಯಲ್ಲಿ ಇಂಗ್ಲಿಷಿನ ‘ಸಿ’ ಅಕ್ಷರದ ಜಾಗದಲ್ಲಿ ‘ಅ’ ಕೂತಿದೆ, ‘ಎನ್’ ಜಾಗದಲ್ಲಿ ‘ಓ’, ‘ಎ’ ಜಾಗದಲ್ಲಿ ಸೊನ್ನೆ. ಯಾವುದು ಕನ್ನಡ, ಯಾವುದು ಇಂಗ್ಲಿಷ್ ಎಂದು ತಿಳಿಯುವುದು ಫಾಂಟಿನ ಹೆಸರಿನಿಂದ ಮಾತ್ರ. ಪಠ್ಯವನ್ನಷ್ಟೇ ನಕಲು ಮಾಡಿ ಪರಿವರ್ತಕಕ್ಕೆ ಸುರಿದರೆ ಆ ಗುರುತು ಅಳಿದುಹೋಗಿ, ಪ್ಯಾನ್ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್, ಇಮೇಲ್ ವಿಳಾಸಗಳೂ ‘ಕನ್ನಡ’ವಾಗಿಬಿಡುತ್ತವೆ. ಸಂಘದ ಸದಸ್ಯರ ಪಟ್ಟಿಯಲ್ಲಿ ಬ್ಯಾಂಕಿನ ಕೋಡ್ ಹೀಗೆ ಕಲಸಿಹೋದರೆ ಸಾಲಮನ್ನಾ ಹಣ ಬರುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಆದ್ದರಿಂದ ಕೋಷ್ಟಕ, ಸಂಖ್ಯೆ, ಕೋಡುಗಳಿರುವ ಕಡತವನ್ನು ಪುಟ ಪುಟ ತಾಳೆ ನೋಡಬೇಕು. ತಾಳೆ ನೋಡಲು ಪುರಸೊತ್ತಿಲ್ಲದವರು ಕನಿಷ್ಠ ಅಂಥ ಪ್ರತಿಯೊಂದು ಕಡತವನ್ನೂ ಪಿಡಿಎಫ್ ಮಾಡಿ ಇಟ್ಟುಕೊಳ್ಳಲಿ. ಪಿಡಿಎಫ್‌ನೊಳಗೆ ಫಾಂಟ್ ಹುದುಗಿರುತ್ತದೆ, ಎಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತದೆ.

ಲಗ್ನಪತ್ರಿಕೆ ಮಾಡುವ ಡಿಟಿಪಿಯವರ ಪೇಜ್‌ಮೇಕರ್, ಕೋರೆಲ್‌ಡ್ರಾ ಕಡತಗಳಿಗೂ ಇದೇ ಮಾತು. ಲಿಬ್ರೆಆಫೀಸ್ ಡ್ರಾ ಅವುಗಳಲ್ಲಿ ಬಹಳಷ್ಟನ್ನು ತೆರೆಯುತ್ತದೆ, ಆದರೆ ಇದ್ದಲ್ಲಿ ಇದ್ದಂತೆ ತೆರೆಯುವುದಿಲ್ಲ. ಆ ಕಸುಬನ್ನೇ ನಂಬಿದವರು ಒಂದು ಯಂತ್ರವನ್ನು ಇಂಟರ್ನೆಟ್ ಸಂಪರ್ಕ ತೆಗೆದು ಹಳೆಯ ವಿಂಡೋಸಿನಲ್ಲೇ ಉಳಿಸಿಕೊಳ್ಳುವುದು ಒಳ್ಳೆಯದು. ಹೊಸದಾಗಿ ಟೈಪ್ ಮಾಡುವವರಿಗೆ ತೊಂದರೆಯಿಲ್ಲ. ನುಡಿಯ ಕೀಲಿಮಣೆಯ ಹಿಂದಿರುವುದು ಕೆ.ಪಿ. ರಾವ್ ಅವರ ವಿನ್ಯಾಸ. ಲಿನಕ್ಸಿನ ಟೈಪಿಂಗ್ ವ್ಯವಸ್ಥೆ ಐಬಸ್‌ನಲ್ಲಿ ಎಂ17ಎನ್ ಸೇರಿಸಿ ಕೆಜಿಪಿ ಎಂಬ ಕೀಲಿಮಣೆಯನ್ನು ಆರಿಸಿಕೊಂಡರೆ ಅದೇ ಬೆರಳಾಟದಲ್ಲಿ ಯೂನಿಕೋಡ್ ಕನ್ನಡ ಮೂಡುತ್ತದೆ. ಬೆರಳಿಗೆ ಗೊತ್ತಾಗುವಷ್ಟು ವ್ಯತ್ಯಾಸವೇನೂ ಇಲ್ಲ.

ಕನ್ನಡದಲ್ಲಿ ಲಿನಕ್ಸ್ ಬಳಸುವುದು ಕಷ್ಟ ಎಂದು ವಾದಿಸುವವರನ್ನು ಒಮ್ಮೆ ಕಾಸರಗೋಡಿಗೆ ಕರೆದುಕೊಂಡು ಹೋಗಬೇಕು. ಕೇರಳದ ಶಾಲೆಗಳು ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದಲೂ ಮುಕ್ತ ತಂತ್ರಾಂಶಕ್ಕೆ ಒಗ್ಗಿಕೊಂಡಿವೆ. ಅದರ ಈಗಿನ ರೂಪ ಕೈಟ್ ಸಂಸ್ಥೆ, ಉಬುಂಟು ಆಧರಿಸಿ ತನ್ನದೇ ವ್ಯವಸ್ಥೆ ಕಟ್ಟಿ ಶಾಲೆಗಳಿಗೆ ಕೊಡುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಐಸಿಟಿ ಪುಸ್ತಕ ಹಿಡಿದು ಲಿನಕ್ಸಿನಲ್ಲೇ ಚಿತ್ರ ಬಿಡಿಸುತ್ತಾರೆ, ಜಿಯೋಜೀಬ್ರಾದಲ್ಲಿ ರೇಖಾಗಣಿತ ಮಾಡುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಕರ್ನಾಟಕದ ಗಡಿಯಾಚೆ ಕನ್ನಡದ ಮಗು ಹತ್ತನೇ ತರಗತಿಯೊಳಗೆ ಕಲಿತದ್ದನ್ನು ಗಡಿಯೀಚೆ ನಾವು ಮೈಕ್ರೋಸಾಫ್ಟ್ ಬಾಗಿಲು ಮುಚ್ಚಿದ ಮೇಲೆ ಕಲಿಯಲು ಹೊರಟಿದ್ದೇವೆ.

ಅಲ್ಲಿ ಅದು ಸಾಧ್ಯವಾದದ್ದು ಪೂರ್ವಸಿದ್ಧತೆಯಿಂದ: ಮೊದಲು ಮೇಷ್ಟರಿಗೆ ತರಬೇತಿ, ಆಮೇಲೆ ಯಂತ್ರ. ನಾವು ಮನೆಯಲ್ಲಿ ಮಾಡಬಹುದಾದ ತರಬೇತಿ ಇನ್ನೂ ಸಲೀಸು. ಮಿಂಟ್ ಅಥವಾ ಉಬುಂಟುವನ್ನು ಎಂಟು ಜಿಬಿ ಪೆನ್‌ಡ್ರೈವಿಗೆ ಬರೆದು, ಅದರಿಂದಲೇ ಕಂಪ್ಯೂಟರ್ ಶುರು ಮಾಡಬಹುದು. ಡಿಸ್ಕನ್ನು ಮುಟ್ಟದೆ ಪೂರ್ತಿ ಲಿನಕ್ಸ್ ಓಡುತ್ತದೆ, ಸ್ವಲ್ಪ ನಿಧಾನವಾಗಿ. ಇದನ್ನು ಲೈವ್ ಎನ್ನುತ್ತಾರೆ. ಹತ್ತು ನಿಮಿಷ ಆಡಿ ‘ಚೆನ್ನಾಗೈತಿ’ ಎಂದು ಮುಚ್ಚಬೇಡಿ. ವೈಫೈ ಹಿಡಿಯುತ್ತದೆಯೇ, ದನಿ ಬರುತ್ತದೆಯೇ, ಕ್ಯಾಮೆರಾ ಕಾಣುತ್ತದೆಯೇ, ಲ್ಯಾಪ್‌ಟಾಪ್ ಮಡಚಿ ಬಿಚ್ಚಿದರೆ ಎಚ್ಚರಗೊಳ್ಳುತ್ತದೆಯೇ ನೋಡಿ. ಮುಖ್ಯವಾಗಿ ಪ್ರಿಂಟರ್ ಜೋಡಿಸಿ ಒಂದು ಹಾಳೆ ತೆಗೆಯಿರಿ.

ಪ್ರಿಂಟರನ್ನು ಬಿಡಿಸಿ ಹೇಳಲು ಕಾರಣವಿದೆ. ನಮ್ಮ ಕಡೆ ಝೆರಾಕ್ಸ್ ಅಂಗಡಿಯಲ್ಲಿ, ವಕೀಲರ ಮನೆಯಲ್ಲಿ, ಪತ್ರಬರಹಗಾರರ ಮೇಜಿನ ಮೇಲೆ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಗಟ್ಟಿಮುಟ್ಟಾದ ಯಂತ್ರ, ವರ್ಷಗಟ್ಟಲೆ ದುಡಿಯುತ್ತದೆ; ಆದರೆ ಲಿನಕ್ಸಿನಲ್ಲಿ ಅದರಷ್ಟು ಹಟಮಾರಿ ಇನ್ನೊಂದಿಲ್ಲ. ಅದು ಮಾತಾಡುವುದು ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಭಾಷೆ. ಕಂಪನಿ ಕೊಟ್ಟ ಲಿನಕ್ಸ್ ಡ್ರೈವರ್ ಹಳತು. ಅದನ್ನು ಇಂದಿನ ವ್ಯವಸ್ಥೆಯಲ್ಲಿ ಕೂರಿಸುವುದು ಬಲ್ಲವರಿಗೂ ಬೆವರಿಳಿಸುತ್ತದೆ. ಆಸಕ್ತರು ಮಾಡಿದ ಮುಕ್ತ ಡ್ರೈವರ್ ಒಂದಿದೆ, ಕೆಲವರಿಗೆ ಒಲಿದಿದೆ. ಎಚ್‌ಪಿಯ ಹೆಚ್ಚಿನ ಪ್ರಿಂಟರುಗಳಿಗೆ ಎಚ್‌ಪಿಲಿಪ್ ಎಂಬ ಡ್ರೈವರ್ ಇರುವುದರಿಂದ ಚಿಂತೆಯಿಲ್ಲ. 2900 ಇಟ್ಟುಕೊಂಡವರು ಮೊದಲು ಲೈವ್‌ನಲ್ಲಿ ಹಾಳೆ ಬಂದ ಮೇಲೇ ಮುಂದಿನ ಹೆಜ್ಜೆ ಇಡಲಿ.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಬಳಸುವವರು, ಬೆರಳಚ್ಚು ಯಂತ್ರದಿಂದ ಹಣ ಕೊಡುವ ಸೇವಾಕೇಂದ್ರದವರು ಲಿನಕ್ಸಿಗೆ ಸದ್ಯ ಪೂರ್ತಿ ಹೋಗಲೇಬಾರದು. ಟ್ಯಾಲಿ ವಿಂಡೋಸಿಗೆಂದೇ ಮಾಡಿದ್ದು. ಉಳಿದೆರಡರ ತಯಾರಕರು ಏನು ಕೊಡುತ್ತಾರೆ ಎಂದು ಕೇಳಿಕೊಂಡೇ ಮುಂದುವರಿಯಬೇಕು. ಇಂಥವರು ಎರಡೂ ವ್ಯವಸ್ಥೆ ಇಟ್ಟುಕೊಳ್ಳಲಿ, ಇಲ್ಲವೇ ವಿಂಡೋಸ್ 11 ಒಪ್ಪುವ ಯಂತ್ರವೊಂದನ್ನು ಕೊಳ್ಳಲಿ. ಮುಕ್ತ ತಂತ್ರಾಂಶದ ಅಭಿಮಾನಕ್ಕೆ ಯಾರೂ ಹೊಟ್ಟೆಪಾಡು ಕಳೆದುಕೊಳ್ಳಬೇಕಾಗಿಲ್ಲ.

ಇನ್ನು ಯಂತ್ರದ ಒಳಗಿನ ಸಂಗತಿ. ಲ್ಯಾಪ್‌ಟಾಪುಗಳಲ್ಲಿ ಡಿಸ್ಕ್ ಬೀಗ, ಅಂದರೆ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್, ಮಾಲೀಕರಿಗೆ ಗೊತ್ತಿಲ್ಲದೆಯೇ ಬಿದ್ದಿರುವುದುಂಟು. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗಿನಲ್ಲಿ) ಏನಾದರೂ ಬದಲಿಸಿದೊಡನೆ ಅದು 48 ಅಂಕಿಯ ಕೀಲಿ ಕೇಳಬಹುದು. ಕೀಲಿ ಇರುವುದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ. ಆ ಖಾತೆ ಮಾಡಿಕೊಟ್ಟದ್ದು ಅಂಗಡಿಯ ಹುಡುಗ. ಅವನು ಈಗ ಬೆಂಗಳೂರಿನಲ್ಲಿ. ಇಂಥ ಕಥೆಗಳು ಹೊಸವಲ್ಲ. ಇವತ್ತೇ ಖಾತೆಗೆ ಹೋಗಿ ಕೀಲಿ ಕಾಗದದ ಮೇಲೆ ಬರೆದುಕೊಳ್ಳಿ, ಬೀಗ ತೆಗೆದೇ ಮುಂದುವರಿಯಿರಿ. ವಿಂಡೋಸ್ ಉಳಿಸಿಕೊಂಡೇ ಲಿನಕ್ಸ್ ಹಾಕುವವರು ‘ಫಾಸ್ಟ್ ಸ್ಟಾರ್ಟಪ್’ ಆಫ್ ಮಾಡಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುವ ಡಿಸ್ಕನ್ನು ಲಿನಕ್ಸ್ ಮುಟ್ಟಿದರೆ ಕಡತ ಕೆಡುತ್ತದೆ. ಡಿಸ್ಕೇ ಕಾಣುತ್ತಿಲ್ಲ ಎಂದು ಇನ್‌ಸ್ಟಾಲರ್ ಹೇಳಿದರೆ ಡಿಸ್ಕ್ ಸತ್ತಿದೆ ಎಂದುಕೊಳ್ಳಬೇಡಿ. ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಎಂಬ ವಿಧಾನ ಇರುತ್ತದೆ, ಅದನ್ನು ಎಎಚ್‌ಸಿಐಗೆ ಬದಲಿಸಬೇಕಾಗುತ್ತದೆ. ವಿಂಡೋಸ್ ಉಳಿಸಿಕೊಳ್ಳುವವರು ಅದನ್ನು ಏಕಾಏಕಿ ಬದಲಿಸಿದರೆ ವಿಂಡೋಸ್ ಏಳುವುದಿಲ್ಲ.

ಸೆಕ್ಯೂರ್ ಬೂಟ್ ವಿಷಯದಲ್ಲಿ ಇನ್ನೊಂದು ಗಡುವು ಇದೆ, ಅದರ ಸುದ್ದಿ ನಮ್ಮಲ್ಲಿ ಹೆಚ್ಚು ಹಬ್ಬಿಲ್ಲ. ಕಂಪ್ಯೂಟರ್ ಶುರುವಾಗುವಾಗ ತಂತ್ರಾಂಶ ಅಸಲಿಯೋ ಎಂದು ನೋಡುವ ಮೈಕ್ರೋಸಾಫ್ಟ್‌ನ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಒಂದೊಂದಾಗಿ ಮುಗಿಯುತ್ತದೆ. ಲಿನಕ್ಸನ್ನೂ ಈ ಬಾಗಿಲಿನಿಂದ ಒಳಗೆ ಬಿಡುವುದು ಅದೇ ಕಂಪನಿಯ ಸಹಿ. ಅವಧಿ ಮುಗಿದ ದಿನವೇ ಯಂತ್ರ ನಿಂತುಬಿಡುವುದಿಲ್ಲ, ಗಾಬರಿ ಬೇಡ. ಆದರೆ ಮುಂದೆ 2023ರ ಹೊಸ ಪ್ರಮಾಣಪತ್ರದಿಂದ ಮಾತ್ರ ಸಹಿಯಾದ ಲಿನಕ್ಸ್ ಬಂದಾಗ, ಹೊಸದನ್ನು ಪಡೆಯದ ಯಂತ್ರ ಅದನ್ನು ಗುರುತಿಸದೆ ಹೋಗಬಹುದು. ಆದ್ದರಿಂದ ವಿಂಡೋಸ್ ಇರುವಾಗಲೇ ಕಂಪನಿಯ ಜಾಲತಾಣದಿಂದ ಬಯಾಸ್ ಅಪ್‌ಡೇಟ್ ಇದ್ದರೆ ಹಾಕಿಸಿಕೊಳ್ಳಿ. ಎಷ್ಟೋ ಕಂಪನಿಗಳು ಅದನ್ನು ವಿಂಡೋಸಿನಲ್ಲಿ ಓಡುವ ಕಡತವಾಗಿಯೇ ಕೊಡುತ್ತವೆ; ಲಿನಕ್ಸಿನ ಎಫ್‌ಡಬ್ಲ್ಯುಅಪ್‌ಡಿ ಎಂಬ ಬಯಾಸ್ ಅಪ್‌ಡೇಟ್ ಸಾಧನ ಎಲ್ಲ ಯಂತ್ರಕ್ಕೂ ಒದಗುವುದಿಲ್ಲ. ಮತ್ತೆ, ಬಯಾಸ್ ಅಪ್‌ಡೇಟ್ ನಡುವೆ ಕರೆಂಟು ಹೋದರೆ ಮದರ್‌ಬೋರ್ಡೇ ಹೋಗಬಹುದು. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ, ಮಳೆಗಾಲದ ಸಂಜೆ ಈ ಸಾಹಸಕ್ಕೆ ಇಳಿಯಬೇಡಿ.

ತೀರ ಹಳೆಯ ಯಂತ್ರದವರಿಗೆ ಒಂದು ಮಾತು. 32 ಬಿಟ್ ಕಂಪ್ಯೂಟರಿಗೆ ಲಿನಕ್ಸ್ ಇದ್ದೇ ಇದೆ ಎಂಬ ಹಳೆಯ ಧೈರ್ಯ ಈಗ ಬೇಡ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ಅವಕ್ಕೆ ಇನ್‌ಸ್ಟಾಲರ್ ಇಲ್ಲ, ಲಿನಕ್ಸಿನ ಫೈರ್‌ಫಾಕ್ಸ್ ಕೂಡ ಅವುಗಳ ಕೈಬಿಟ್ಟಿದೆ. ಆದರೆ ವಿಂಡೋಸ್ 32 ಬಿಟ್ ಆಗಿದ್ದ ಮಾತ್ರಕ್ಕೆ ಯಂತ್ರವೂ 32 ಬಿಟ್ ಆಗಿರಬೇಕಿಲ್ಲ. ಸಿಸ್ಟಂ ಮಾಹಿತಿಯಲ್ಲಿ ಪ್ರೊಸೆಸರ್ ಎಕ್ಸ್64 ಎಂದಿದ್ದರೆ ಧಾರಾಳವಾಗಿ ನಡೆಯುತ್ತದೆ. ರ್‍ಯಾಮ್ ನಾಲ್ಕು ಜಿಬಿ ಇದ್ದರೆ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಸಾಕು.

ಯಾವಾಗ ಮಾಡುವುದು? ಮೊದಲು ಆ ಒಂದು ವರ್ಷದ ಭದ್ರತಾ ವಾಯಿದೆಯನ್ನು ಪಡೆದುಕೊಳ್ಳಿ. ಅಸಲಿ ವಿಂಡೋಸ್ 10ರ 22ಎಚ್2 ಆವೃತ್ತಿಯಲ್ಲಿ, ಮೈಕ್ರೋಸಾಫ್ಟ್ ಖಾತೆಯಿಂದ ಒಳಹೋಗಿ, ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ಹೆಸರು ಕೊಟ್ಟರೆ ಸಾಕು; ಸೆಟ್ಟಿಂಗ್ ಬ್ಯಾಕಪ್‌ಗೆ ಒಪ್ಪಿದರೆ ಹಣ ಕೇಳುವುದಿಲ್ಲ. ಇದು ಗೊತ್ತಿಲ್ಲದೆ 2025ರ ಅಕ್ಟೋಬರಿನಿಂದ ಯಾವ ರಕ್ಷಣೆಯೂ ಇಲ್ಲದೆ ಓಡುತ್ತಿರುವ ಯಂತ್ರಗಳು ಇದ್ದೇ ಇರುತ್ತವೆ. ಆಮೇಲೆ ಪಂಚಾಂಗ ನೋಡಿ. ಜೂನ್–ಜುಲೈನಲ್ಲಿ ಕಾಲೇಜು ಪ್ರವೇಶದ ಅರ್ಜಿ, ಮುಂಗಾರು ಬೆಳೆವಿಮೆಯ ನೋಂದಣಿ. ಮೆಕ್ಕೆಜೋಳ ಬಿತ್ತಿದವನಿಗೆ ಕಂಪ್ಯೂಟರ್ ಬೇಕಾಗುವುದೇ ಆಗ. ದಸರಾ ರಜೆಗೆ ಮಗ ಬಂದಾಗ ಮಾಡಿದರಾಯಿತು ಎಂದರೆ ಗಡುವು ಕತ್ತಿನ ಮೇಲೆ ಬಂದಿರುತ್ತದೆ. ಸಿದ್ಧತೆ ಈಗ, ಪ್ರಯೋಗ ಬಿಡುವಿದ್ದಾಗ, ಇನ್‌ಸ್ಟಾಲ್ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ. ಮಿಂಟ್‌ನ ಕಡತ ಸುಮಾರು ಮೂರು ಜಿಬಿ. ದಿನಕ್ಕೆ ಒಂದೂವರೆ ಜಿಬಿ ಸಿಗುವ ಮೊಬೈಲ್ ಪ್ಯಾಕ್‌ನಲ್ಲಿ ಅದು ಒಂದೇ ಉಸಿರಿಗೆ ಇಳಿಯುವುದಿಲ್ಲ. ಅರ್ಧಕ್ಕೆ ನಿಂತು ಕೆಟ್ಟ ಕಡತವನ್ನೇ ಪೆನ್‌ಡ್ರೈವಿಗೆ ಬರೆದು ‘ಲಿನಕ್ಸ್ ಸರಿಯಿಲ್ಲ’ ಎಂದವರು ಕಡಿಮೆಯಿಲ್ಲ. ಇಳಿಸಿದ ಮೇಲೆ ಕಡತ ಪೂರ್ತಿ ಬಂದಿದೆಯೇ ಎಂದು ಚೆಕ್‌ಸಮ್ ತಾಳೆ ನೋಡಿ.

ಇದನ್ನೆಲ್ಲ ಒಬ್ಬೊಬ್ಬ ಮನೆಯವರೇ ಮಾಡಿಕೊಳ್ಳಲಿ ಎಂದು ಕೈತೊಳೆದುಕೊಳ್ಳುವುದೂ ಸರಿಯಲ್ಲ. ದಾವಣಗೆರೆಯಲ್ಲಿ 1951ರ ಯುಬಿಡಿಟಿ, 1979ರ ಬಿಐಇಟಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗ ರಾಜ್ಯದ ವಿದ್ಯಾರ್ಥಿಗಳ ನಡುವೆ ವರ್ಷಗಳಿಂದ ಕೆಲಸ ಮಾಡುತ್ತಿದೆ. ಪಂಚಾಯಿತಿ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂದು ಹೆಸರಿಟ್ಟಿದ್ದೇವೆ. ಹೆದ್ದಾರಿಯಲ್ಲಿ ಹೋಗುವ ಹೊರಗಿನವರಿಗೆ ಆನಗೋಡು ಎಂದರೆ ಮೃಗಾಲಯ, ಗೋಲಿಬಾರಿನಲ್ಲಿ ಮಡಿದ ರೈತರ ಸಮಾಧಿ. ಹೋಬಳಿ ಕೇಂದ್ರವಾಗಿ ಸುತ್ತಲ ಹಳ್ಳಿಯವರಿಗೆ ಅದು ದಿನನಿತ್ಯದ ಊರು. ಅಲ್ಲಿನ ಅರಿವು ಕೇಂದ್ರದಲ್ಲಿ ತಿಂಗಳಿಗೊಂದು ಭಾನುವಾರ ನಾಲ್ಕು ವಿದ್ಯಾರ್ಥಿಗಳು ಕೂತು ಬ್ಯಾಕಪ್ ಮಾಡಿಕೊಡಲಿ, ಲೈವ್ ತೋರಿಸಲಿ. ಇನ್‌ಸ್ಟಾಲ್ ಮಾಡಿಕೊಡುವುದು ಆಮೇಲಿನ ಮಾತು. ಪಂಚಾಯಿತಿ, ಸಹಕಾರ ಸಂಘಗಳ ಹಳೆಯ ನುಡಿ ಕಡತಗಳ ಪರಿವರ್ತನೆಯನ್ನಂತೂ ಜಿಲ್ಲಾಡಳಿತವೇ ಕೈಗೆತ್ತಿಕೊಳ್ಳಬೇಕು. ಅವು ಸಾರ್ವಜನಿಕ ದಾಖಲೆಗಳು, ಯಾವನೋ ಹುಡುಗನ ಪೆನ್‌ಡ್ರೈವಿನ ಪುಣ್ಯಕ್ಕೆ ಬಿಡುವಂಥವಲ್ಲ.

ಒಂದಿಷ್ಟು ಖರ್ಚು ಮಾಡಬಲ್ಲವರಿಗೆ ಎಲ್ಲಕ್ಕಿಂತ ನಿಶ್ಚಿಂತೆಯ ದಾರಿ ಬೇರೆಯೇ ಇದೆ. ಹಳೆಯ ಡಿಸ್ಕನ್ನು ಬಿಚ್ಚಿ, ಚೀಟಿ ಅಂಟಿಸಿ ಎತ್ತಿಡಿ. ಅದರ ಜಾಗಕ್ಕೆ 256 ಜಿಬಿಯ ಹೊಸ ಎಸ್‌ಎಸ್‌ಡಿ ಹಾಕಿ ಲಿನಕ್ಸ್ ಕೂರಿಸಿ. ಏನು ಎಡವಟ್ಟಾದರೂ ಹಳೆಯದನ್ನು ಮತ್ತೆ ಸಿಕ್ಕಿಸಿದರೆ ಇದ್ದದ್ದು ಇದ್ದಂತೆ ಇರುತ್ತದೆ. ತಿರುಗುವ ಡಿಸ್ಕಿನಿಂದ ಬಂದವರಿಗೆ ಯಂತ್ರದ ವೇಗವೂ ಎದ್ದು ಕಾಣುತ್ತದೆ. ಆದರೆ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ 2025ರ ಕೊನೆಯಿಂದ ರ್‍ಯಾಮ್, ಎಸ್‌ಎಸ್‌ಡಿಗಳ ಬೆಲೆ ಏರಿದೆ. ಮೈಕ್ರಾನ್ ಕಂಪನಿ ಕ್ರೂಶಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಅಕ್ಟೋಬರಿನಲ್ಲಿ ಎಲ್ಲರೂ ಒಟ್ಟಿಗೆ ಅಂಗಡಿಗೆ ನುಗ್ಗುವ ಮುಂಚೆ ದಾವಣಗೆರೆಯಲ್ಲಿ ಎರಡು ಮೂರು ಕಡೆ ದರ ವಿಚಾರಿಸಿ, ಬಿಲ್ಲು ಸಮೇತ ಕೊಂಡಿಟ್ಟುಕೊಳ್ಳಿ.